ಸಿಎಸ್ (ಕಂಪ್ಯೂಟರ್ ಸೈನ್ಸ್) ಮುಗಿಸೀನಿ, ರೊಕ್ಕ ಕಟ್ಟಿ ಇನ್‌ಸ್ಟಿಟ್ಯೂಟ್ ಸೇರ್ಲೋ ಬ್ಯಾಡೋ?

ಸೇಡಂ ಹುಡುಗ:
ಅಣ್ಣಾರೇ, ಕಲಬುರಗಿನಾಗೇ ಸಿಎಸ್ ಮುಗಿಸೀನಿ, ಕ್ಯಾಂಪಸ್‌ನಾಗ ಕೆಲಸ ಆಗ್ಲಿಲ್ಲ. ಈಗ ಒಂದು ಇನ್‌ಸ್ಟಿಟ್ಯೂಟ್‌ನವ್ರು 60 ಸಾವಿರ ಕಟ್ಟು, ಜಾಬ್ ಗ್ಯಾರಂಟಿ ಅಂತಾರ. ಅಪ್ಪ ತೊಗರಿ ಮಾರಿ ಕೊಡ್ತೀನಿ ಅಂತಾನ, ಮ್ಯಾಲ ನಮ್ಮ ಕಲ್ಯಾಣ ಕರ್ನಾಟಕದವ್ರಿಗಿ 371ಜೆ ಮೀಸಲಾತಿ ಅದಲ್ಲ ನಿಂಗೇನ್ ಚಿಂತಿ ಅಂತಾನ. ಏನ್ ಮಾಡ್ಲಿ?

ತೊಗರಿ ಕೋಡರ್:
ತಮ್ಮಾ ಮೊದ್ಲ ತೊಗರಿ ರೊಕ್ಕ ಉಳಿಸು. ನಾನೂ ಹಂಗೇ ಕಟ್ಟಿ ಕುಂತಿದ್ದೆ, ಕಡೀಗಿ ಸರ್ಟಿಫಿಕೇಟ್ ಒಂದೇ ಸಿಕ್ತು. 371ಜೆ 2012ರ ತಿದ್ದುಪಡಿಲಿಂದ ಬಂದದ್ದು, ಅದು ಸರ್ಕಾರಿ ನೌಕರಿಗಿ, ಕಾಲೇಜ್ ಸೀಟಿಗಿ, ಪ್ರೈವೇಟ್ ಕಂಪನ್ಯಾಗ ಯಾರೂ ಕೇಳಂಗಿಲ್ಲ. ನನ್ನ ಮೊದಲ್ನೇ ಇಂಟರ್‌ವ್ಯೂನಾಗ ಪೈಥಾನ್ (ಪ್ರೋಗ್ರಾಮ್ ಬರಿಯೋ ಭಾಷಾ) ಲಿಸ್ಟ್‌ನಾಗ ಹುಡುಕೋದಕ್ಕೂ ಡಿಕ್ಷನರಿನಾಗ ಹುಡುಕೋದಕ್ಕೂ ಫರಕ್ ಏನ್ ಅಂದ್ರು, ನಾನು ಸುಮ್ನ ಫ್ಯಾನ್ ನೋಡ್ಕೋತ ಕುಂತೆ. ಲಿಸ್ಟ್‌ನಾಗ ಒಂದೊಂದೇ ನೋಡ್ಕೋತ ಹೋಗ್ತದ, ಡಿಕ್ಷನರಿ ಹ್ಯಾಶ್ ಮಾಡಿ, ಅಂದ್ರ ಕೀಲಿಂದ ಜಾಗ ಲೆಕ್ಕ ಹಾಕಿ, ಸೀದಾ ಆ ಜಾಗಕ್ಕೇ ಹೋಗ್ತದ, ಇಷ್ಟೇ ರೀ! ನಾಕು ವರ್ಷ ಓದಿ ಇದು ಬರ್ಲಿಲ್ಲ.

ಬೀದರ್ ಅಕ್ಕ:
ಬಾಂಡ್ ಅಂತ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೇಳಿದ್ರ ಕೊಡ್ಬ್ಯಾಡ ತಮ್ಮಾ, ನನ್ನವು ವಾಪಸ್ ತಗೊಳ್ಳಾಕ ಸಾಕಾಯ್ತು. ಎಸ್‌ಕ್ಯುಎಲ್ ಜಾಯಿನ್ (ಡೇಟಾಬೇಸ್ ಟೇಬಲ್ ಜೋಡ್ಸೋದು), ಗಿಟ್ (ಕೋಡ್ ಬದಲಾವಣಿ ಲೆಕ್ಕ ಇಡೋದು) ಮನಿಯಾಗೇ ಕಲಿ, ಪ್ರಾಜೆಕ್ಟ್ ಒಂದೇ ಇರ್ಲಿ ಆದ್ರ ನೀನೇ ಬರ್ದದ್ದು ಇರ್ಲಿ, ಕಾಪಿ ಹೊಡ್ದದ್ದು ಎರಡ್ನೇ ಪ್ರಶ್ನಿಗೇ ಸಿಕ್ಕಿ ಬೀಳ್ತದ. ಇಂಗ್ಲಿಷ್ ತಪ್ಪಾದ್ರ ಆಗ್ಲಿ, ನಾನು ಈಗ್ಲೂ ತಪ್ಪೇ ಮಾತಾಡ್ತೀನಿ.

ಸೇಡಂ ಹುಡುಗ:
ಪ್ರಾಜೆಕ್ಟ್ ಸೀನಿಯರ್‌ದೇ ಕಾಪಿ ಅಕ್ಕಾ 😅 ಅಡತಿ ಅಂಗಡಿ ಲೆಕ್ಕದ್ದು ಹೊಸದಾಗಿ ಬರೀತೀನಿ. ಅಪ್ಪಗ ಇವತ್ತೇ ಫೋನ್ ಮಾಡ್ತೀನಿ.