ಟ್ಯೂನ್ ಮಾಡಿದ ಟರ್ಬೊ ಗಾಡಿ, ಮೂರನೇ ಸಿಲಿಂಡರ್ ಸತ್ತಿದೆ. ಬಿಚ್ಚುವ ಮೊದಲು ಏನು ನೋಡಬೇಕು? ಅನುಭವ ಇದ್ದವರು ಹೇಳಿ

ನವನಗರ ಜಿಟಿ
ಎಲ್ಲರಿಗೂ ನಮಸ್ಕಾರ. ಗಾಡಿ ಪೋಲೊ ಜಿಟಿ, 1.2 ಟಿಎಸ್‌ಐ ಟರ್ಬೊ ಪೆಟ್ರೋಲ್, ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್. ಸ್ಟೇಜ್ 1 ಟ್ಯೂನ್, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ (ಮ್ಯಾಪ್) ಮಾತ್ರ ಬದಲಾಯಿಸಿದ್ದು, ಅದೂ ಪ್ರೀಮಿಯಂ ಪೆಟ್ರೋಲಿಗೆ ಹೊಂದಿಸಿದ್ದು. ಹೋದ ವಾರ ರಾಣೆಬೆನ್ನೂರಿನಿಂದ ಬರುತ್ತಿದ್ದೆ. ಅಲ್ಲಿ ಪ್ರೀಮಿಯಂ ಸಿಗಲಿಲ್ಲ, ಸಾದಾ ಪೆಟ್ರೋಲ್ ಹಾಕಿಸಿದ್ದೆ. ಬಂಕಾಪುರ ದಾಟಿದ ಮೇಲೆ ಲಾರಿ ಓವರ್‌ಟೇಕ್ ಮಾಡಲು ಪೂರ್ತಿ ಒತ್ತಿದಾಗ ಟಕ್ ಅಂತ ಸದ್ದು ಬಂತು. ಚೆಕ್ ಎಂಜಿನ್ ಲೈಟ್ ಮಿಣುಕತೊಡಗಿತು, ಗಾಡಿ ನಡುಗಿತು, ಹಿಂದೆ ನೀಲಿ ಹೊಗೆ. ಅಲ್ಲೇ ಆಫ್ ಮಾಡಿ ಟೋ ಮಾಡಿಸಿ ಹುಬ್ಬಳ್ಳಿಗೆ ತಂದೆ. ಕೋಡ್ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಇಂಧನ ಸರಿಯಾಗಿ ಉರಿಯುತ್ತಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಅದುಮಿದಾಗ ಬರುವ ಒತ್ತಡ) 1, 2, 4ರಲ್ಲಿ 12 ಬಾರ್ ಆಸುಪಾಸು, 3ರಲ್ಲಿ 4 ಬಾರ್. ಗ್ಯಾರೇಜಿನವರು ಪೂರ್ತಿ ಎಂಜಿನ್ ಇಳಿಸಬೇಕು, 1.8 ಲಕ್ಷ ಹಿಡಿದುಕೊಳ್ಳಿ ಅಂದಿದ್ದಾರೆ. ಪಿಸ್ಟನ್ನಾ, ವಾಲ್ವಾ, ಹೆಡ್ ಗ್ಯಾಸ್ಕೆಟ್ಟಾ ಅಂತ ಬಿಚ್ಚುವ ಮೊದಲೇ ತಿಳಿಯಲು ದಾರಿ ಇದೆಯಾ?

ಗೋಕುಲ ರಸ್ತೆ
ನಂದೂ ಇದೇ ಎಂಜಿನ್, ಇದೇ ಟ್ಯೂನ್. ನನಗೆ ಎರಡನೇ ಸಿಲಿಂಡರ್. ಪಿಸ್ಟನ್ನಿನ ರಿಂಗ್ ಲ್ಯಾಂಡ್ ಒಡೆದಿತ್ತು, ಅಂದರೆ ಮೇಲಿನ ಎರಡು ರಿಂಗುಗಳ ನಡುವಿನ ಅಂಚಿನ ಒಂದು ತುಂಡೇ ಎದ್ದು ಹೋಗಿತ್ತು.

ಖರ್ಚು ಬರೆಯುತ್ತೇನೆ, ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ಪಿಸ್ಟನ್, ರಿಂಗ್ ಸೆಟ್ 38,000. ಹೆಡ್ ಗ್ಯಾಸ್ಕೆಟ್ ಕಿಟ್ 11,500. ಟೈಮಿಂಗ್ ಚೈನ್ ಕಿಟ್ 19,000, ಹೇಗೂ ಬಿಚ್ಚಿದ ಮೇಲೆ ಹಳೆಯದನ್ನು ಹಾಕುವ ಮಾತೇ ಇಲ್ಲ. ಹೆಡ್ ಬೋಲ್ಟ್ 3,200. ಅವು ಎಳೆದು ಕೂರುವ ಬೋಲ್ಟು, ಒಮ್ಮೆ ತೆಗೆದರೆ ಬಿಸಾಕಬೇಕು. ನಮ್ಮ ಗ್ಯಾರೇಜಿನವನು ಹಳೆಯ ಬೋಲ್ಟನ್ನೇ ಹಾಕಲು ಹೊರಟಿದ್ದ, ಜಗಳ ಮಾಡಿ ತಡೆದೆ. ಆಯಿಲ್, ಕೂಲಂಟ್ 7,000. ಲೇತಿನವರು 14,000 ಕಿತ್ತರು. ಕೂಲಿ 32,000. ಒಟ್ಟು 1,24,700. ಪಿಸ್ಟನ್ ಪುಣೆಯಿಂದ ಬರಬೇಕಿತ್ತು. ಮೊದಲು ಓವರ್‌ಸೈಜ್ (ಮೂಲ ಅಳತೆಗಿಂತ ದೊಡ್ಡದು) ಕಳಿಸಿದರು, ವಾಪಸ್ ಕಳಿಸಿದೆವು, ಮತ್ತೆ ಕಾಯಬೇಕಾಯಿತು. ಅಷ್ಟು ದಿನ ಹೆಡ್ ಬಿಚ್ಚಿದ ಎಂಜಿನ್ನು ಒಂದು ಪ್ಲಾಸ್ಟಿಕ್ ಹಾಳೆಯ ಕೆಳಗೆ, ಗ್ಯಾರೇಜಿನ ಧೂಳಲ್ಲಿ ಬಿದ್ದಿತ್ತು.

ಮುಗಿಯಿತು ಅಂದುಕೊಂಡೆ. ಗಾಡಿ ಓಡಿಸಿ ವೇಗ ಏರಿಸಿದರೆ ಶಿಳ್ಳೆ. ಒಡೆದ ಪಿಸ್ಟನ್ನಿನ ಚೂರು ಎಕ್ಸಾಸ್ಟ್ ವಾಲ್ವ್ ದಾಟಿ ಟರ್ಬೊ ಒಳಗೆ ಹೋಗಿ ಟರ್ಬೈನ್ ಚಕ್ರದ ಎರಡು ರೆಕ್ಕೆಯ ತುದಿ ಕಿತ್ತಿತ್ತು. ಟರ್ಬೊ ಒಳಗಿನ ತಿರುಗುವ ಭಾಗ, ಕಾರ್ಟ್ರಿಜ್, 46,000. ಮತ್ತೆ ಇಳಿಸಿ ಏರಿಸುವ ಕೂಲಿ ಬೇರೆ. ಮೊದಲ ಸಲವೇ ಟರ್ಬೊ ಕೈಗೆ ತೆಗೆದುಕೊಂಡು ನೋಡಿದ್ದರೆ ಈ ಎರಡನೇ ಕೂಲಿ ಉಳಿಯುತ್ತಿತ್ತು. ನೋಡಬೇಕಿದ್ದವರು ನೋಡಲಿಲ್ಲ. ಇವತ್ತಿಗೂ ಆ ಬಿಲ್ಲು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಧಾರವಾಡ 1.8
ಎಲ್ಲರೂ ಹೀಗೆ ಹೆದರಿಸಬೇಡಿ. ನನ್ನದು ಆಕ್ಟೇವಿಯಾ 1.8 ಟಿಎಸ್‌ಐ, ಟ್ಯೂನ್ ಆಗಿದೆ, ಇವತ್ತಿಗೂ ಗಟ್ಟಿ. ನರೇಂದ್ರ ಕ್ರಾಸ್ ಹತ್ತಿರ ನನಗೂ ಇದೇ ಮಿಣುಕುವ ಲೈಟು, ಇದೇ ನಡುಕ. ಒಂದು ಗ್ಯಾರೇಜಿನವರು ನೋಡದೆಯೇ ಎಂಜಿನ್ ಹೋಯಿತು ಅಂದರು. ನಾನು ಒಪ್ಪಲಿಲ್ಲ. ಆ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿದೆ, ಮಿಸ್‌ಫೈರ್ ಕೋಡ್ ಕೂಡ ಪಕ್ಕಕ್ಕೆ ಹೋಯಿತು. ಕಾಯಿಲ್ ಸತ್ತಿತ್ತು, ಅಷ್ಟೇ. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಜಾಸ್ತಿ ಆದಾಗ ಪ್ಲಗ್ ಗ್ಯಾಪ್ ಸ್ವಲ್ಪ ಕಡಿಮೆ ಇಡಬೇಕು, ಇಲ್ಲದಿದ್ದರೆ ಕಿಡಿ ಆರುತ್ತದೆ, ಕಾಯಿಲ್‌ಗೆ ಒತ್ತಡ ಬೀಳುತ್ತದೆ. ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಹೊಸದು ಹಾಕಿದೆ, 17,800. ಎಂಜಿನ್ ಇಳಿಸಲು ಕೇಳಿದ್ದು ಎರಡೂವರೆ ಲಕ್ಷ. ಎರಡನೇ ಅಭಿಪ್ರಾಯ ಇಲ್ಲದೆ ಯಾರ ಕೈಗೂ ಸ್ಪ್ಯಾನರ್ ಕೊಡಬೇಡಿ.

ತಾರಿಹಾಳ ಲೇತ್
ಕೇಳಿದವರು ಏನು ಬರೆದಿದ್ದಾರೆ ಓದಿ ಸರ್. ಕಂಪ್ರೆಷನ್ 4 ಬಾರ್. ಕಾಯಿಲ್ ಸತ್ತರೆ ಕಂಪ್ರೆಷನ್ ಇಳಿಯುವುದಿಲ್ಲ. ಕಿಡಿಗೂ ಕಂಪ್ರೆಷನ್ನಿಗೂ ಸಂಬಂಧವೇ ಇಲ್ಲ.

ಬೇಕಾಗಿರುವುದು ಲೀಕ್‌ಡೌನ್ ಟೆಸ್ಟ್. ಪಿಸ್ಟನ್ ಮೇಲೆ, ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಕ್ರ್ಯಾಂಕ್ ಅಲುಗದಂತೆ ಹಿಡಿದು ಪ್ಲಗ್ ತೂತಿನಿಂದ ಗಾಳಿ ಬಿಡಿ. ಕಿವಿ ಕೊಡಿ. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲ್ ಬಾಡಿಯಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ಬಂದರೆ ರಿಂಗು ಅಥವಾ ಪಿಸ್ಟನ್. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು ಅಥವಾ ಹೆಡ್ಡಿನಲ್ಲಿ ಬಿರುಕು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ನಡುವಿನ ಗ್ಯಾಸ್ಕೆಟ್ ಅನುಮಾನ ಬರಬೇಕು, ಇಲ್ಲಿ ಒಂದೇ ಇದೆ. ಆಮೇಲೆ ಅದೇ ತೂತಿನಿಂದ ಬೋರ್‌ಸ್ಕೋಪ್, ಅಂದರೆ ಸಣ್ಣ ಕ್ಯಾಮೆರಾ, ಇಳಿಸಿ. ಮೂರನೇ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಪಿಂಗಾಣಿ ಒಡೆದಿದೆಯಾ, ಅದರ ಮೇಲೆ ಸಣ್ಣ ಬೆಳ್ಳಿ ಚುಕ್ಕೆ ಇದೆಯಾ? ಬೆಳ್ಳಿ ಚುಕ್ಕೆ ಅಂದರೆ ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಹಾರಿದ್ದು.

ಇನ್ನು ಗೋಕುಲ ರಸ್ತೆಯವರಿಗೆ: 14,000 ಕಿತ್ತರು ಅಂತ ಬರೆದಿದ್ದೀರಿ. ಬ್ಲಾಕ್ ತೊಳೆದು, ನಾಲ್ಕೂ ಬೋರ್ (ಸಿಲಿಂಡರಿನ ಒಳಗುಂಡಿ) ಅಳೆದು, ಹೋನ್ ಮಾಡಿ (ಒಳಗೋಡೆ ಉಜ್ಜಿ), ಹೆಡ್ಡಿನ ಮೈ ಸಮ ಮಾಡಿ, ವಾಲ್ವ್ ಸೀಟ್ ಕೂರಿಸಿ ಕೊಡುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತಾ? ಇಡೀ ಬಿಲ್ಲಿನಲ್ಲಿ ಅಳತೆಗೆ ಜವಾಬ್ದಾರಿ ಹೊರುವವರು ನಾವೊಬ್ಬರೇ.

ಗೋಕುಲ ರಸ್ತೆ
ನಿಮ್ಮನ್ನು ಅಂದದ್ದಲ್ಲ. ನನ್ನ ಬ್ಲಾಕ್ ಬೇರೆ ಕಡೆ ಹೋಗಿತ್ತು. ಅಳತೆ ಚೀಟಿ ಕೇಳಿದರೆ ಕೊಡಲಿಲ್ಲ. ಚೀಟಿ ಕೊಡದವರಿಗೆ 14,000 ಜಾಸ್ತಿನೇ.

ಗದಗ ಡೀಸೆಲ್
ನನ್ನದು ಸ್ವಿಫ್ಟ್ 1.3 ಡೀಸೆಲ್, ರೀಮ್ಯಾಪ್ (ಅದೇ ಸಾಫ್ಟ್‌ವೇರ್ ಟ್ಯೂನ್) ಆಗಿದೆ. ಕಂಪನಿಯಿಂದ ಬಂದಾಗ 75 ಪಿಎಸ್, 190 ಎನ್ಎಂ. ಅಣ್ಣಿಗೇರಿ ದಾಟಿ ಗದಗ ಕಡೆ ಬರುವಾಗ ಬಿಳಿ ಹೊಗೆ, ಕಬ್ಬಿಣ ಬಡಿದ ಸದ್ದು. ಎಲ್ಲರೂ ಟ್ಯೂನ್ ಟ್ಯೂನ್ ಅಂದರು. ಬಿಚ್ಚಿ ನೋಡಿದರೆ ನಾಲ್ಕನೇ ಪಿಸ್ಟನ್ನಿನ ತಲೆಯಲ್ಲಿ ತೂತು. ಕಾರಣ ಇಂಜೆಕ್ಟರ್. ಹುಬ್ಬಳ್ಳಿಯಲ್ಲಿ ಬೆಂಚ್ ಮೇಲೆ ಹಾಕಿಸಿದೆ, ಅದೊಂದು ಸ್ಪ್ರೇ ಮಾಡುವ ಬದಲು ತೊಟ್ಟಿಕ್ಕುತ್ತಿತ್ತು. ಡೀಸೆಲ್ಲು ಒಂದೇ ಜಾಗದಲ್ಲಿ ಉರಿದು ಪಿಸ್ಟನ್ ಕರಗಿತು.

ನಾಲ್ಕು ಇಂಜೆಕ್ಟರ್ ರಿಪೇರಿ 34,000, ಕೋಡಿಂಗ್ 4,000, ಪಿಸ್ಟನ್ ಸೆಟ್ಟು 21,000, ಸಿಲಿಂಡರಿನ ಒಳಗೋಡೆಗೆ ಲೈನರ್ ಕೂರಿಸಿದ್ದು 9,500. ಮೊದಲು ಹಾಕಿದ ಲೈನರ್ ಸರಿಯಾಗಿ ಕೂರದೆ ಮತ್ತೆ ತೆಗೆಸಿದೆ. ಆ ಕೆಲಸ ಮುಗಿಯುವವರೆಗೆ ನಾನು ಬಸ್ಸಿನಲ್ಲಿ ಓಡಾಡಿದೆ. ಇಂಜೆಕ್ಟರಿನ ಲೀಕ್‌ಆಫ್ ಟೆಸ್ಟ್ (ಅದರಿಂದ ವಾಪಸ್ ಹರಿಯುವ ಡೀಸೆಲ್ ಅಳೆಯುವುದು) ಮಾಡಿಸದೆ ಡೀಸೆಲ್ ಗಾಡಿ ಬಿಚ್ಚಬಾರದು. ಟ್ಯೂನ್ ಇವತ್ತೂ ಅದೇ ಇದೆ, ತೆಗೆಸಿಲ್ಲ.

ಉಣಕಲ್ ಸ್ಟಾಕ್
ಇಂಜೆಕ್ಟರ್ ಯಾಕೆ ಕೆಟ್ಟಿತು ಅಂತ ಕೇಳಿಕೊಂಡಿರಾ? ರೀಮ್ಯಾಪಿನಲ್ಲಿ ರೈಲ್ ಪ್ರೆಷರ್ (ಇಂಜೆಕ್ಟರಿಗೆ ಹೋಗುವ ಇಂಧನದ ಒತ್ತಡ) ಏರಿಸುತ್ತಾರೆ, ಇಂಧನ ಸುರಿಯುವ ಅವಧಿ ಹೆಚ್ಚಿಸುತ್ತಾರೆ. ಎಕ್ಸಾಸ್ಟ್ ಬಿಸಿ ಏರುತ್ತದೆ. ಕಂಪನಿಯವರು ಸುರಕ್ಷತೆಗೆ ಬಿಟ್ಟಿರುವ ಅಂತರವನ್ನು ನೀವು ತಿಂದು ಹಾಕುತ್ತೀರಿ. ನನ್ನ ಗಾಡಿಯೂ ಟರ್ಬೊ ಪೆಟ್ರೋಲ್. ಕಂಪನಿ ಮ್ಯಾಪಿನಲ್ಲೇ ಓಡಿಸುತ್ತೇನೆ, ಒಂದು ದಿನ ಕೈ ಕೊಟ್ಟಿಲ್ಲ. ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡಲು ಅಷ್ಟು ಶಕ್ತಿ ಯಾಕೆ ಬೇಕು?

ಗದಗ ಡೀಸೆಲ್
ಇದೇ ಇಂಜೆಕ್ಟರ್ ಟ್ಯೂನ್ ಆಗದ ಸ್ಟಾಕ್ ಗಾಡಿಗಳಲ್ಲೂ ಹೋಗುತ್ತದೆ. ನಮ್ಮ ಕಡೆ ಬ್ಯಾರೆಲ್ಲಿನಲ್ಲಿ ತುಂಬಿಟ್ಟ ಡೀಸೆಲ್ಲು, ಅದರಲ್ಲಿ ನೀರು, ಫಿಲ್ಟರ್ ಬದಲಾಯಿಸದ ಜನ. ನೀವು ನನ್ನ ಗಾಡಿ ನೋಡಿಲ್ಲ. ನೋಡದ ಗಾಡಿಗೆ ತೀರ್ಪು ಕೊಡಬೇಡಿ.

ಸತ್ತೂರು ಟರ್ಬೊ
ಒಂದು ವಿಷಯ ಯಾರೂ ಎತ್ತಲಿಲ್ಲ. ಎಲ್‌ಎಸ್‌ಪಿಐ (ಲೋ ಸ್ಪೀಡ್ ಪ್ರೀ ಇಗ್ನಿಷನ್). ಕಡಿಮೆ ಆರ್‌ಪಿಎಮ್ಮಿನಲ್ಲಿ, ದೊಡ್ಡ ಗೇರಿನಲ್ಲಿ, ಪೂರ್ತಿ ಒತ್ತಿದಾಗ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದು. ಸಾಮಾನ್ಯ ನಾಕಿಂಗ್ (ಕಿಡಿ ಬಂದ ಮೇಲೆ ಮಿಶ್ರಣ ತಾನಾಗಿ ಸಿಡಿಯುವುದು) ಆದರೆ ಸೆನ್ಸರ್ ಹಿಡಿದು ಕಿಡಿಯ ಟೈಮಿಂಗ್ ಹಿಂದಕ್ಕೆ ತರುತ್ತದೆ. ಇದಕ್ಕೆ ಆ ಉಪಾಯ ನಡೆಯುವುದಿಲ್ಲ, ಕಿಡಿಗಿಂತ ಮೊದಲೇ ಹೊತ್ತಿದ ಬೆಂಕಿಗೆ ಕಿಡಿಯ ಟೈಮಿಂಗ್ ಏನು ಮಾಡೀತು? ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ರಿಂಗ್ ಲ್ಯಾಂಡ್ ಒಡೆಯಲು ಇದೊಂದು ದೊಡ್ಡ ಕಾರಣ. ಆಯಿಲ್ಲಿನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ದರೆ ಇದು ಹೆಚ್ಚುತ್ತದೆ. ಅದಕ್ಕೇ 2018ರಲ್ಲಿ ಎಪಿಐ ಸಂಸ್ಥೆಯ ಆಯಿಲ್ ದರ್ಜೆ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಬಂತು. ಎರಡರಲ್ಲೂ ಎಲ್‌ಎಸ್‌ಪಿಐ ಪರೀಕ್ಷೆ ಇದೆ.

ನಮ್ಮ ಡಿಎಸ್‌ಜಿ ಸಾಮಾನ್ಯ ಡಿ ಮೋಡಿನಲ್ಲಿ ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ. ನಾನು ಬೈಪಾಸಿನಲ್ಲಿ ಓವರ್‌ಟೇಕ್ ಮಾಡುವಾಗ ಎಸ್ (ಸ್ಪೋರ್ಟ್) ಮೋಡಿಗೆ ಹಾಕಿ, ಆರ್‌ಪಿಎಂ ಏರಿದ ಮೇಲೆಯೇ ಒತ್ತುತ್ತೇನೆ. ಎಸ್‌ಪಿ ದರ್ಜೆಯ ಆಯಿಲ್ ಬಿಟ್ಟು ಬೇರೆ ಮುಟ್ಟಿಲ್ಲ. ನನ್ನ ಟ್ಯೂನ್ಡ್ 1.2 ಇಂದಿಗೂ ನಾಲ್ಕೂ ಸಿಲಿಂಡರ್ ಸಮವಾಗಿ ತೋರಿಸುತ್ತದೆ. ಇದು ನನ್ನ ಶಿಸ್ತಿನ ಫಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಹಾವೇರಿ 27
ದುಡ್ಡಿನ ಮಾತು ಆಡಿ. ನನ್ನ ಎಂಜಿನ್ ಹೋದಾಗ ಇನ್ಶೂರೆನ್ಸ್ ಬರುತ್ತದೆ ಅಂತ ಪೂರ್ತಿ ನಂಬಿಸಿದ್ದರು. ಎಂಜಿನ್ ಪ್ರೊಟೆಕ್ಟ್ ಆಡ್‌ಆನ್ ಪ್ರತಿ ವರ್ಷ ಕಟ್ಟುತ್ತಿದ್ದೆ. ಸರ್ವೇಯರ್ ಬಂದು ಫೋಟೊ ತೆಗೆದು ಹೋದರು, ಆಮೇಲೆ ಒಂದು ಸಾಲಿನ ಪತ್ರ. ತನ್ನಷ್ಟಕ್ಕೆ ಯಂತ್ರ ಕೆಟ್ಟರೆ ಮೋಟಾರ್ ಪಾಲಿಸಿ ಕೊಡುವುದಿಲ್ಲ. ಆಡ್‌ಆನ್ ಇರುವುದು ಮುಖ್ಯವಾಗಿ ನೀರು ನುಗ್ಗಿದ್ದಕ್ಕೆ, ಪೆಟ್ಟು ಬಿದ್ದು ಆಯಿಲ್ ಸೋರಿದ್ದಕ್ಕೆ. ಪಾಲಿಸಿ ಮಾರುವಾಗ ಇದನ್ನು ಬಾಯಿ ಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು?

ಕೊನೆಗೆ ಆಕ್ಸಿಡೆಂಟ್ ಗಾಡಿಯ ಎಂಜಿನ್ ತರಿಸಿದೆ, ಲಾರಿ ಬಾಡಿಗೆ ಸೇರಿ 1,15,000. ಬಂದ ಎಂಜಿನ್ನಿನ ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ನೆಗ್ಗಿಹೋಗಿತ್ತು, ಅದಕ್ಕೆ 8,000. ಆಮೇಲೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಯಿಸುವ ಓಡಾಟ. ಮಾರಿದವನ ಬಿಲ್ಲು, ಆ ಎಂಜಿನ್ನಿನ ಹಳೆಯ ಗಾಡಿಯ ಕಾಗದ, ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ, ಎಲ್ಲ ಕೈಯಲ್ಲಿ ಇಟ್ಟುಕೊಂಡೇ ಎಂಜಿನ್ ಕೊಳ್ಳಿ.

ಉಣಕಲ್ ಸ್ಟಾಕ್
ಟ್ಯೂನ್ ಮಾಡಿಸಿದ್ದನ್ನು ಇನ್ಶೂರೆನ್ಸಿಗೆ ತಿಳಿಸಿದ್ದಿರಾ? ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52 ಇದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಾಯಿಸಬಾರದು.

ಹಾವೇರಿ 27
ನನ್ನ ಗಾಡಿ ಟ್ಯೂನೇ ಆಗಿರಲಿಲ್ಲ! ಸ್ಟಾಕ್. ಕಂಪನಿ ಮ್ಯಾಪ್. ನಿಮ್ಮ ಹಾಗೇ ಓಡಿಸುತ್ತಿದ್ದೆ. ಎಲ್ಲದಕ್ಕೂ ಟ್ಯೂನಿನ ಮೇಲೆ ಗೂಬೆ ಕೂರಿಸಬೇಡಿ.

ಧಾರವಾಡ 1.8
ನನ್ನನ್ನು ಕೇಳಿದರೆ ಎಲ್ಲದಕ್ಕೂ ಮೂಲ ಇ20, 20% ಎಥನಾಲ್ ಬೆರೆಸಿದ ಪೆಟ್ರೋಲ್. ಅದು ಬಂದ ಮೇಲೆ ಮೈಲೇಜ್ ಇಳಿಯಿತು, ಗಾಡಿ ಎಳೆಯುವುದೇ ಬೇರೆ ಥರ. ನವನಗರದವರು ಸಾದಾ ಪೆಟ್ರೋಲ್ ಹಾಕಿಸಿದೆ ಅಂದಿದ್ದಾರಲ್ಲ, ಅಲ್ಲೇ ಉತ್ತರ ಇದೆ.

ಸತ್ತೂರು ಟರ್ಬೊ
ಅರ್ಧ ಸತ್ಯ. ಎಥನಾಲ್ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಏರಿಸುತ್ತದೆ, ಸಿಲಿಂಡರ್ ತಂಪು ಮಾಡುತ್ತದೆ, ಅದರಿಂದ ನಾಕಿಂಗ್ ಕಡಿಮೆ ಆಗಬೇಕು. ತೊಂದರೆ ಇರುವುದು ಬೇರೆ ಕಡೆ. ಶುದ್ಧ ಪೆಟ್ರೋಲಿಗೆ ಗಾಳಿ–ಇಂಧನ ಅನುಪಾತ 14.7, ಇ20ಗೆ 13.5ರ ಆಸುಪಾಸು. ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಟ್ಯೂನಿನಿಂದ ಮೊದಲೇ ಪಂಪು, ಇಂಜೆಕ್ಟರ್ ಮಿತಿಗೆ ಬಂದಿದ್ದರೆ ಪೂರ್ತಿ ಒತ್ತಿದಾಗ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಇಂಧನ ಸಾಲುವುದಿಲ್ಲ, ಬಿಸಿ ಏರುತ್ತದೆ. ಲಾಗ್ (ಗಾಡಿ ಓಡುವಾಗ ಕಂಪ್ಯೂಟರ್ ತೋರಿಸುವ ದಾಖಲೆ) ನೋಡದೆ ಇ20 ಅಂತ ಕೂಗಿದರೆ ಏನೂ ತಿಳಿಯುವುದಿಲ್ಲ. ಲ್ಯಾಂಬ್ಡಾ (ಗಾಳಿ–ಇಂಧನ ಮಿಶ್ರಣದ ಅಳತೆ), ರೈಲ್ ಪ್ರೆಷರ್, ಸಿಲಿಂಡರ್‌ವಾರು ಟೈಮಿಂಗ್ ಎಷ್ಟು ಹಿಂದೆ ಬಂದಿದೆ, ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದು ಎಷ್ಟು. ಇಷ್ಟು ಹಾಕಿ, ಆಮೇಲೆ ಮಾತಾಡೋಣ.

ಧಾರವಾಡ 1.8
ಮೈಲೇಜ್ ಇಳಿದದ್ದು ನನ್ನ ಜೇಬಿಗೆ ಗೊತ್ತು. ಅದಕ್ಕೆ ಲಾಗ್ ಬೇಕಿಲ್ಲ.

ಸತ್ತೂರು ಟರ್ಬೊ
ಮೈಲೇಜ್ ಇಳಿಯುವುದಿಲ್ಲ ಅಂತ ನಾನು ಹೇಳಿಲ್ಲ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಇಳಿಯುತ್ತದೆ. ಅದಕ್ಕೂ ಪಿಸ್ಟನ್ ಒಡೆಯುವುದಕ್ಕೂ ಗಂಟು ಹಾಕಬೇಡಿ ಅಂದೆ.

ನವನಗರ ಜಿಟಿ
ತಾರಿಹಾಳದವರು ಹೇಳಿದಂತೆ ಲೀಕ್‌ಡೌನ್ ಮಾಡಿಸಿದೆ. ಗ್ಯಾರೇಜಿನಲ್ಲಿ ಗೇಜ್ ಇರಲಿಲ್ಲ, ಕೇಶ್ವಾಪುರದ ಗೆಳೆಯರೊಬ್ಬರು ತಂದುಕೊಟ್ಟರು. ಆಯಿಲ್ ಮುಚ್ಚಳದಿಂದ ಗಾಳಿ ಜೋರಾಗಿ ಬರುತ್ತಿದೆ. ಸೈಲೆನ್ಸರ್, ಥ್ರಾಟಲ್ ಎರಡೂ ಮೌನ. ಕೂಲಂಟಿನಲ್ಲಿ ಗುಳ್ಳೆ ಇಲ್ಲ. ಪ್ಲಗ್ ಪಿಂಗಾಣಿ ಸರಿ ಇದೆ, ಬೆಳ್ಳಿ ಚುಕ್ಕೆ ಕಾಣಲಿಲ್ಲ. ಬೋರ್‌ಸ್ಕೋಪಿನಲ್ಲಿ ಪಿಸ್ಟನ್ ತಲೆ ಇಡಿಯಾಗಿದೆ, ಒಂದು ಬದಿಯ ಗೋಡೆಯಲ್ಲಿ ಉದ್ದುದ್ದ ಗೀರು.

ಗೋಕುಲ ರಸ್ತೆ
ರಿಂಗ್ ಲ್ಯಾಂಡೇ. ನನ್ನದು ಹಾಗೇ ಕಂಡಿತ್ತು. ಟರ್ಬೊ ಬಿಚ್ಚಿಸಿ ನೋಡಿ, ದಯವಿಟ್ಟು.

ತಾರಿಹಾಳ ಲೇತ್
ಪಿಸ್ಟನ್ ಆರ್ಡರ್ ಮಾಡಬೇಡಿ ಈಗಲೇ. ಮೊದಲು ಹೆಡ್ಡು, ಸಂಪು ತೆಗೆದು ಮೂರನೇ ಪಿಸ್ಟನ್ ಹೊರಗೆ ಬರಲಿ. ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತದಾ ನೋಡಿ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಅಡ್ಡ ಉದ್ದ ಎರಡೂ ದಿಕ್ಕಿನಲ್ಲಿ ಅಳತೆ ಬರೆಸಿಕೊಳ್ಳಿ. ನಾಲ್ಕೂ ಸಿಲಿಂಡರಿನದು. ಅದರ ಮೇಲೆ ಸ್ಟ್ಯಾಂಡರ್ಡ್ ಪಿಸ್ಟನ್ನಾ, ಓವರ್‌ಸೈಜಾ, ಒಳಗೆ ಹೊಸ ಸ್ಲೀವ್ (ಲೈನರ್) ಕೂರಿಸಬೇಕಾ ಅಂತ ತೀರ್ಮಾನ ಆಗಲಿ. ಸಂಪಿನಲ್ಲಿ ಚೂರು ಸಿಕ್ಕರೆ ಆಯಿಲ್ ಪಂಪಿನ ಜಾಲರಿ, ಕ್ರ್ಯಾಂಕ್ ಬೇರಿಂಗ್ ಕೂಡ ನೋಡಲೇಬೇಕು. 1.8 ಲಕ್ಷದಲ್ಲಿ ಯಾವುದಕ್ಕೆ ಎಷ್ಟು ಅಂತ ಗ್ಯಾರೇಜಿನವರಿಂದ ಕಾಗದದ ಮೇಲೆ ಬರೆಸಿಕೊಂಡು ಆಮೇಲೆ ಕೈ ಹಾಕಿಸಿ. ಅಳತೆ ಚೀಟಿ ಇಲ್ಲಿ ಹಾಕಿದರೆ ನಾನು ನೋಡಿ ಹೇಳುತ್ತೇನೆ.

ಗದಗ ಡೀಸೆಲ್
ಆ ಸಿಲಿಂಡರಿನ ಇಂಜೆಕ್ಟರ್ ಕೂಡ ಬೆಂಚ್ ಮೇಲೆ ಹಾಕಿಸಿ. ಪೆಟ್ರೋಲ್ ಆದರೇನು.