ಬಡಿದು ಮಾಡಿದ ಚಾಕು, ತಗಡಿನಿಂದ ಕತ್ತರಿಸಿದ ಚಾಕು: ತಯಾರಿಕೆಯಲ್ಲಿ ನಿಜವಾದ ವ್ಯತ್ಯಾಸವೇನು?

ಪ್ರಶ್ನೆ:

ತರಕಾರಿ ಹೆಚ್ಚಲು ಒಳ್ಳೆಯ ಚಾಕುವೊಂದನ್ನು ಕೊಳ್ಳಬೇಕೆಂದು ಹೋದಾಗ ಅಂಗಡಿಯವರು ಎಂಟು ಅಂಗುಲದ ಎರಡು ಚಾಕುಗಳನ್ನು ಮುಂದಿಟ್ಟರು. ಒಂದು ಜರ್ಮನಿಯ ಜೋಲಿಂಗೆನ್ ಊರಿನ 'ಫೋರ್ಜ್ಡ್', ಅಂದರೆ ಕಾಯಿಸಿ ಬಡಿದು ಮಾಡಿದ ಚಾಕು, ಇನ್ನೊಂದು ಉಕ್ಕಿನ ತಗಡಿನಿಂದ ಕತ್ತರಿಸಿ ಮಾಡಿದ್ದು. ಬೆಲೆಯಲ್ಲಿ ಮೂರು ಪಟ್ಟಿಗೂ ಮೀರಿದ ಅಂತರವಿದೆ. ಬಡಿದಾಗ ಉಕ್ಕಿನ ಕಣಗಳು ಒತ್ತಾಗಿ ಕೂತು ಅಲಗು ಗಟ್ಟಿಯಾಗುತ್ತದೆ ಎಂಬುದು ಅವರ ವಿವರಣೆ. ಆದರೆ ಎರಡರಲ್ಲೂ ಬಳಸಿರುವ ಉಕ್ಕು ಎಕ್ಸ್50ಸಿಆರ್‌ಎಂಒವಿ15 ಎಂದೇ ನಮೂದಾಗಿದೆ. ಉಕ್ಕು ಒಂದೇ ಆಗಿರುವಾಗ ಬಡಿತದಿಂದ ಇಷ್ಟು ವ್ಯತ್ಯಾಸವಾಗುವುದು ಸಾಧ್ಯವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:

ಆ ಉಕ್ಕಿನಲ್ಲಿ ಸುಮಾರು ಶೇ. 0.5 ಇಂಗಾಲ, ಶೇ. 15ರಷ್ಟು ಕ್ರೋಮಿಯಂ ಇರುತ್ತದೆ. ಜೋಲಿಂಗೆನ್ನಿನ ಕಾರ್ಖಾನೆಗಳಲ್ಲಿ ಇದರ ತುಂಡೊಂದನ್ನು ಕೆಂಪಗೆ ಕಾಯಿಸಿ, ಅಲಗು ಮತ್ತು ಹಿಡಿ ಸೇರುವ ಜಾಗದಲ್ಲಿ ಒತ್ತಿ ಉಬ್ಬಿಸುತ್ತಾರೆ. ಬೋಲ್ಸ್ಟರ್ ಎನ್ನುವ ದಪ್ಪ ಗಂಟು ಹುಟ್ಟುವುದು ಹೀಗೆ. ಬಳಿಕ ಅದನ್ನು ಅಚ್ಚಿನ ಮೇಲಿಟ್ಟು ಯಂತ್ರದ ಸುತ್ತಿಗೆಯಿಂದ ಬಡಿದು, ಅಂಚಿನಿಂದ ಹೊರಚೆಲ್ಲಿದ ಉಕ್ಕನ್ನು ಕತ್ತರಿಸಿ ತೆಗೆಯುತ್ತಾರೆ. ತಗಡಿನ ಚಾಕುವಿಗೆ ಇದಾವುದೂ ಬೇಕಿಲ್ಲ: ಎರಡು ಮಿಲಿಮೀಟರಿನ ಆಸುಪಾಸಿನ ದಪ್ಪದ ತಗಡಿನಿಂದ ಪ್ರೆಸ್ ಅಥವಾ ಲೇಸರ್ ಮೂಲಕ ಅಲಗಿನ ಆಕಾರವನ್ನು ಕತ್ತರಿಸಿದರೆ ಮುಗಿಯಿತು.

ಇಲ್ಲಿಂದ ಮುಂದೆ ಎರಡರ ದಾರಿಯೂ ಒಂದೇ. ಎರಡನ್ನೂ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಬೇಗನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಹದ ಮಾಡಿ, ಕೊನೆಗೆ ಸಾಣೆ ಹಿಡಿಯುತ್ತಾರೆ. ಕಾಯಿಸುವಾಗ ಉಕ್ಕಿನ ಒಳರಚನೆ ಹೊಸದಾಗಿ ರೂಪುಗೊಳ್ಳುವುದರಿಂದ, ಸುತ್ತಿಗೆಯ ಏಟು ಮೂಡಿಸಿದ ಜೋಡಣೆ ಬಹುಪಾಲು ಅಲ್ಲೇ ಅಳಿದುಹೋಗುತ್ತದೆ. ಅಲ್ಲದೆ, ಆ ತಗಡು ಕೂಡ ಉಕ್ಕಿನ ಕಾರ್ಖಾನೆಯಲ್ಲಿ ಬಿಸಿಯಾಗಿದ್ದಾಗಲೇ ಉರುಳೆಗಳ ನಡುವೆ ನಜ್ಜಿ ಬಂದದ್ದು. ಆದ್ದರಿಂದ 'ಕಣಗಳು ಒತ್ತಾಗುತ್ತವೆ' ಎಂಬ ಮಾತನ್ನು ನಂಬಿ ಮೂರು ಪಟ್ಟು ಹಣ ಕೊಡಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಡಿದ ಚಾಕುವಿನಲ್ಲಿ ಸಿಗುವುದು ಬೇರೆಯದೇ ಗುಣ: ಹಿಡಿಯ ಬಳಿ ದಪ್ಪವಾಗಿ, ತುದಿಗೆ ಹೋದಂತೆ ತೆಳುವಾಗುವ ಬೆನ್ನು, ಮತ್ತು ಬೆರಳಿಗೆ ತಾಗುವ ತೂಕ.

ಉತ್ತರ 2:

ಮಲೆನಾಡಿನ ಕಮ್ಮಾರಿಕೆ ಮನೆಯಲ್ಲಿ ಬೆಳೆದವನಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಕತ್ತಿ, ಈಳಿಗೆಗಳಿಗೆ ಹೆಚ್ಚಾಗಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನೇ ಬಳಸುತ್ತಾರೆ. ಅಷ್ಟು ದಪ್ಪದ ಪಟ್ಟಿಯನ್ನು ಬರೀ ಸಾಣೆಯಿಂದ ತೆಳು ಮಾಡಲು ಹೊರಟರೆ ಅರ್ಧ ಉಕ್ಕು ಪುಡಿಯಾಗಿ ಹೋಗುತ್ತದೆ. ಬಡಿದು ಹರಡಿದರೆ ಅದೇ ಉಕ್ಕು ಅಲಗಿನ ಅಗಲವಾಗುತ್ತದೆ. ಬಡಿತದ ದೊಡ್ಡ ಲಾಭ ಇದು.

ನಷ್ಟವೂ ಉಂಟು. ಕುಲುಮೆಯಲ್ಲಿ ಪಟ್ಟಿ ಬೆಳ್ಳಗಾಗಿ ಕಿಡಿ ಹಾರಿಸತೊಡಗಿದರೆ ಉಕ್ಕು ಸುಟ್ಟಿತೆಂದೇ ಅರ್ಥ, ಆಮೇಲೆ ಎಷ್ಟು ಬಡಿದರೂ ಅದು ಸರಿಹೋಗದು. ಹದ ಹಾಕುವಾಗ ಮೊದಲು ಬಾಯಿಯನ್ನು, ಅಂದರೆ ಹರಿತದ ಅಂಚನ್ನು, ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ, ಉಜ್ಜಿ ಹೊಳಪು ಬರಿಸಿ, ಬೆನ್ನಿನ ಶಾಖ ಬಾಯಿಯ ಕಡೆಗೆ ಹರಿಯುವುದನ್ನು ಕಣ್ಣಿಟ್ಟು ನೋಡುತ್ತಿರಬೇಕು. ಶಾಖ ಏರಿದಂತೆ ಆ ಹೊಳಪಿನ ಮೇಲೆ ಬಣ್ಣ ಬದಲಾಗುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಚಾಕುವಾದರೆ ಹಳದಿಯಲ್ಲೇ ನಿಲ್ಲಿಸಬೇಕು. ಮರ ಕಡಿಯುವ ಕತ್ತಿಗೆ ಇನ್ನಷ್ಟು ಬಿಡಬಹುದು. ಬೇಗ ನಿಲ್ಲಿಸಿದರೆ ಬಾಯಿ ಮುಕ್ಕಾಗುತ್ತದೆ, ತಡವಾದರೆ ಮಡಚಿಕೊಳ್ಳುತ್ತದೆ. ಇಡೀ ಕೆಲಸದಲ್ಲಿ ಚಾಕುವಿನ ಗುಣ ನಿರ್ಧಾರವಾಗುವುದು ಈ ಕೆಲವೇ ಕ್ಷಣಗಳಲ್ಲಿ. ಸಾಣೆ ಯಂತ್ರದಲ್ಲಿ ಅಂಚು ನೀಲಿಯಾಗುವಷ್ಟು ಬಿಸಿಯಾದರೂ ಹದ ಕೆಡುತ್ತದೆ. ತಗಡಿನ ಚಾಕುವಾಗಲಿ, ಬಡಿದದ್ದಾಗಲಿ, ಈ ವಿಷಯದಲ್ಲಿ ಭೇದವಿಲ್ಲ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಬಡಿಯಲೇಬೇಕಾದ ಚಾಕು ಎಂಬುದು ಇದೆಯೇ? ಬೋಲ್ಸ್ಟರ್ ನೋಡಿ ಬಡಿದ ಚಾಕುವನ್ನು ಗುರುತಿಸಬಹುದೇ?

ಉತ್ತರ 3:

ಬಡಿಯಲೇಬೇಕಾದದ್ದಕ್ಕೆ ಒಳ್ಳೆಯ ಉದಾಹರಣೆ ಜಪಾನಿನ ಸಕಾಯಿ ನಗರದ ಸಾಂಪ್ರದಾಯಿಕ ಚಾಕು. ಅಲ್ಲಿ ಬಾಯಿಗೆಂದು ಹೆಚ್ಚು ಇಂಗಾಲದ ಗಡಸು ಉಕ್ಕಿನ ಸಣ್ಣ ಪಟ್ಟಿಯನ್ನು ಮೆದು ಕಬ್ಬಿಣದ ಮೇಲಿಟ್ಟು, ಕುಲುಮೆಯ ಶಾಖದಲ್ಲಿ ಬಡಿದೇ ಬೆಸೆಯುತ್ತಾರೆ. ಗಡಸು ಉಕ್ಕು ಹರಿತವನ್ನು ಉಳಿಸಿಕೊಳ್ಳುತ್ತದೆ, ಮೆದು ಕಬ್ಬಿಣ ಅದು ಮುರಿಯದಂತೆ ತಡೆಯುತ್ತದೆ. ಬಡಿಯುವವರು, ಸಾಣೆ ಹಿಡಿಯುವವರು, ಹಿಡಿ ಹಾಕುವವರು ಅಲ್ಲಿ ಬೇರೆ ಬೇರೆ ಕುಶಲಕರ್ಮಿಗಳು. ಇದಕ್ಕೆ ವ್ಯತಿರಿಕ್ತವಾಗಿ, ಚಾಕುವನ್ನು ಒಂದೊಂದಾಗಿ ಕೈಯಿಂದ ಮಾಡುವ ಅನೇಕರು ಇಂದು ಸಿದ್ಧ ಪಟ್ಟಿಯನ್ನು ತಂದು, ಸುತ್ತಿಗೆಯನ್ನೇ ಮುಟ್ಟದೆ, ಬೇಡದ ಭಾಗವನ್ನೆಲ್ಲ ಸಾಣೆಯಿಂದ ತೆಗೆದು ಅತ್ಯುತ್ತಮ ಅಲಗು ಮಾಡುತ್ತಾರೆ.

ಬೋಲ್ಸ್ಟರ್ ನಂಬಬಹುದಾದ ಗುರುತಲ್ಲ, ಏಕೆಂದರೆ ತಗಡಿನ ಅಲಗಿಗೂ ಅದನ್ನು ಬೆಸುಗೆ ಹಾಕಿ ಕೂರಿಸುತ್ತಾರೆ. ಜೋಲಿಂಗೆನ್ ಎಂಬ ಹೆಸರಿಗೆ ಜರ್ಮನಿಯಲ್ಲಿ 1938ರಿಂದಲೂ ಕಾನೂನಿನ ರಕ್ಷಣೆಯಿದ್ದರೂ, ಅದು ಊರಿನ ಗುರುತೇ ಹೊರತು ವಿಧಾನದ್ದಲ್ಲ. ಆ ಊರಿನಲ್ಲಿ ತಗಡಿನ ಚಾಕುಗಳೂ ತಯಾರಾಗುತ್ತವೆ.

ಕೊಳ್ಳುವ ಮುನ್ನ ಇನ್ನೊಂದನ್ನು ಗಮನಿಸಿ. ಬೋಲ್ಸ್ಟರ್ ಅಲಗಿನ ಬುಡದವರೆಗೂ ಇಳಿದಿದ್ದರೆ, ವರ್ಷಗಟ್ಟಲೆ ಮಸೆದಾಗ ಬಾಯಿ ಸವೆದು ಗಂಟು ಮಾತ್ರ ಹಾಗೆಯೇ ಉಳಿಯುತ್ತದೆ. ಆಗ ಅಲಗು ಮಣೆಗೆ ಪೂರ್ತಿ ತಾಗದೆ, ಹೆಚ್ಚಿದ ಕೊತ್ತಂಬರಿ ದಂಟು ಎಳೆಯೆಳೆಯಾಗಿ ಅಂಟಿಕೊಂಡೇ ಇರುತ್ತದೆ. ಬಡಿದ ಚಾಕುವೇ ಬೇಕೆಂದಾದರೆ ಗಂಟು ಅರ್ಧಕ್ಕೆ ನಿಂತಿರುವುದನ್ನು ಆರಿಸಿ. ನಿತ್ಯದ ಪಲ್ಯ, ಸಾರಿನ ತರಕಾರಿಗಾದರೆ ಆ ತಗಡಿನ ಚಾಕುವನ್ನೇ ಕೊಂಡು, ಉಳಿದ ಹಣದಲ್ಲಿ ಒಂದು ಒಳ್ಳೆಯ ಸಾಣೆಕಲ್ಲು ತೆಗೆದುಕೊಳ್ಳಿ.