ಪೊಂಚೊ ಹಾಕಿಕೊಂಡ್ರೆ ಸೋರಲ್ಲ, ಅದನ್ನೇ ಟೆಂಟ್ ತರಹ ಕಟ್ಟಿದ್ರೆ ಒಳಗೆಲ್ಲ ನೀರು. ಯಾಕೆ?

ಹಸಿಬೂಟು
ತಲೆ ಕೆಟ್ಟು ಹೋಗಿದೆ. ವಾಟರ್‌ಪ್ರೂಫ್ ಅಂತ ಹೇಳಿಯೇ ಮಾರಿದ ಪೊಂಚೊ ಇದು, ಅಂದ್ರೆ ನಡುವೆ ಟೋಪಿ ಇರುವ, ತಲೆ ತೂರಿಸಿ ಹಾಕಿಕೊಳ್ಳೋ ಮಳೆ ಹೊದಿಕೆ. ಹಾಕಿಕೊಂಡು ನಡೆಯುವಾಗ ಒಂದು ಹನಿ ಒಳಗೆ ಬರುವುದಿಲ್ಲ. ಅದನ್ನೇ ಹಗ್ಗ ಕಟ್ಟಿ ಸೂರು ಮಾಡಿಕೊಂಡು ಮಲಗಿದರೆ ಬೆಳಗ್ಗೆ ಹೊತ್ತಿಗೆ ಸ್ಲೀಪಿಂಗ್ ಬ್ಯಾಗ್ ಹಿಂಡಬೇಕು. ಟೆಸ್ಟ್ ಮಾಡಿದ್ದು ಕಳಸದ ಹತ್ತಿರ, ಸ್ನೇಹಿತರ ಕಾಫಿ ತೋಟದಲ್ಲಿ, ಜುಲೈ ಮಳೆಗೆ. ಟೆಂಟ್ ಹೊರೋದು ತಪ್ಪಲಿ ಅಂತಲೇ ಇದನ್ನು ತಗೊಂಡಿದ್ದು. ಏನು ಮಾಡಲಿ ಹೇಳಿ.

ಗಾಳಿಗುಡ್ಡ
ಇದು ಸೋರಿಕೆ ಅಲ್ಲ ಸರ್, ನಿಮ್ಮ ಉಸಿರು. ಜುಲೈನಲ್ಲಿ ಮಲೆನಾಡಿನ ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ. ಅದರ ಮೇಲೆ ರಾತ್ರಿಯಿಡೀ ಉಸಿರಿನ ಆವಿ. ಬಟ್ಟೆ ತಣ್ಣಗಿರುತ್ತದೆ, ಆವಿ ಅಲ್ಲೇ ಹನಿಗಟ್ಟುತ್ತದೆ. ಮಳೆ ಜೋರಾದಾಗ ಬಟ್ಟೆ ಅದುರಿ ಆ ಹನಿಯೆಲ್ಲ ಮೈಮೇಲೆ ಉದುರುತ್ತದೆ. ಎಲ್ಲರೂ ಸೋರ್ತಿದೆ ಅಂದುಕೊಳ್ಳುತ್ತಾರೆ. ಅಂಚನ್ನು ನೆಲದಿಂದ ಒಂದು ಮೊಳ ಮೇಲೆತ್ತಿ ಕಟ್ಟಿ, ಗಾಳಿಯಾಡಲಿ. ಸರಿ ಹೋಗುತ್ತೆ.

ಹಸಿಬೂಟು
ಉಸಿರಿಂದ ಇಷ್ಟು ನೀರಾ? ಲೋಟಗಟ್ಟಲೆ ಇತ್ತು. ಮತ್ತೆ ಮೇಲೆತ್ತಿ ಕಟ್ಟಿದರೆ ಎರಚಲು ಹೊಡೆಯಲ್ವಾ?

ಹಗ್ಗಗಂಟು
ಯಾವ ಬಟ್ಟೆ? ಅಳತೆ ಎಷ್ಟು? ಎರಡೂ ಕಡೆ ಇಳಿಜಾರಾಗಿ ಕಟ್ಟಿದ್ರಾ, ಒಂದೇ ಕಡೆಗಾ? ನೀರು ಬಿದ್ದಿದ್ದು ತಲೆ ಕಡೆನಾ, ಕಾಲಿನ ಕಡೆನಾ? ಟೋಪಿಯನ್ನು ಏನು ಮಾಡಿದ್ರಿ? ಇದನ್ನೆಲ್ಲ ಹೇಳಿ ಮೊದಲು. ಇಲ್ಲದಿದ್ರೆ ಯಾರು ಏನು ಹೇಳಿದರೂ ಬರೀ ಊಹೆ.

ಜೋಗಿನ_ಜಾಡು
ಬಟ್ಟೆ ಎಷ್ಟು ನೀರು ತಡೆಯುತ್ತೆ ಅನ್ನೋ ರೇಟಿಂಗ್ ನೋಡಿದ್ರಾ? ಇಂಥ ಎಷ್ಟೋ ಬಟ್ಟೆಗೆ ಇರೋದು 3000 ಮಿ.ಮೀ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೇಲೆ ಮಳೆ. ಕಳಸದ ಕಡೆಯೂ ಕಮ್ಮಿಯೇನಲ್ಲ. ಆ ಬಟ್ಟೆ ಹೇಗೆ ತಡೆಯುತ್ತೆ?

ಹಗ್ಗಗಂಟು
ಆ ಎರಡು ಮಿ.ಮೀ.ಗೂ ಸಂಬಂಧವೇ ಇಲ್ಲ. ಮಳೆಯ ಲೆಕ್ಕ ನೆಲದ ಮೇಲೆ ಬಿದ್ದ ನೀರಿಗೆ. ಬಟ್ಟೆಯ ಲೆಕ್ಕ ಒತ್ತಡಕ್ಕೆ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ ಎಷ್ಟು ಎತ್ತರಕ್ಕೆ ಬಂದಾಗ ಆಚೆ ಕಡೆ ಒಸರುತ್ತೆ ಅಂತ ನೋಡ್ತಾರೆ. 3000 ಅಂದ್ರೆ ಮೂರು ಮೀಟರ್ ಎತ್ತರದ ನೀರು. ಇಳಿಜಾರಾಗಿ ಕಟ್ಟಿದ ಬಟ್ಟೆಗೆ 1500 ಇದ್ದರೂ ಮಳೆ ತಡೆಯುತ್ತೆ. ಅದೇ ಬಟ್ಟೆಯನ್ನು ಒದ್ದೆ ನೆಲಕ್ಕೆ ಹಾಸಿ ಮಂಡಿ ಊರಿದರೆ ಒತ್ತಡ ಅದನ್ನು ಮೀರಬಹುದು.

ಜೋಗಿನ_ಜಾಡು
ಲ್ಯಾಬಿನ ಲೆಕ್ಕ ಬೇರೆ, ಘಟ್ಟದ ಮಳೆ ಬೇರೆ ಸರ್. ನಾನು ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲು) ಬಿಟ್ಟು ಬೇರೆ ಯಾವುದನ್ನೂ ನಂಬಲ್ಲ. ತೂಕ ಇರುತ್ತೆ, ಇರಲಿ.

ಕೊಪ್ಪೆ_ಗೊರಬು
ತೂಕದ ಮಾತು ಬಂತಲ್ಲ ಮಾರಾಯ್ರೆ, ನಮ್ಮ ತೀರ್ಥಹಳ್ಳಿ ಕಡೆ ನೆಟ್ಟಿಗೆ ಹೋಗೋ ಹೆಂಗಸರು ಗೊರಬು ಹಾಕಿಕೊಳ್ಳುತ್ತಿದ್ದರು, ಬಿದಿರು, ಎಲೆಯಲ್ಲಿ ಹೆಣೆದ ಮಳೆ ಹೊದಿಕೆ. ಬೆನ್ನ ಮೇಲೆ ಕವುಚಿಕೊಂಡರೆ ಎರಡೂ ಕೈ ಖಾಲಿ, ದಿನವಿಡೀ ಬಗ್ಗಿ ಸಸಿ ನೆಡಬಹುದಿತ್ತು. ಗಂಡಸರಿಗೆ ಕಂಬಳಿ ಕೊಪ್ಪೆ. ಕಂಬಳಿ ನೆನೆದರೂ ಮೈ ಬೆಚ್ಚಗಿರುತ್ತೆ. ನೈಲಾನ್‌ಗೆ ಆ ಗುಣ ಎಲ್ಲಿದೆ?

ಜೋಗಿನ_ಜಾಡು
ನೆನೆದ ಕಂಬಳಿ ಹೊತ್ತು ಗುಡ್ಡ ಹತ್ತಿ ನೋಡಿ, ಆಮೇಲೆ ಮಾತಾಡೋಣ.

ಕೊಪ್ಪೆ_ಗೊರಬು
ಹತ್ತಿದ್ದೇವೆ. ದನ ಹುಡುಕೋಕೆ ಹೋಗ್ತಿದ್ದದ್ದೇ ಹಾಗೆ.

ಹಸಿಬೂಟು
ಕಂಬಳಿ ಆಮೇಲೆ ನೋಡೋಣ. ಕೇಳಿದ ವಿವರ ಇಲ್ಲಿದೆ. ಲೇಬಲ್‌ನಲ್ಲಿ ಬರೀ ನೈಲಾನ್ ಅಂತಿದೆ. ಬಿಚ್ಚಿ ಹರಡಿದರೆ 210 x 145 ಸೆಂ.ಮೀ. ಉದ್ದದ ಒಂದು ಅಂಚನ್ನು ಎರಡು ಸಿಲ್ವರ್ ಓಕ್ ಮರಗಳ ನಡುವೆ ಎದೆಮಟ್ಟಕ್ಕೆ ಕಟ್ಟಿದ್ದೆ. ಇನ್ನೊಂದು ಅಂಚಿಗೆ ಗೂಟ ಹೊಡೆದಿದ್ದೆ. ಮುಂದೆ ಪೂರ್ತಿ ತೆರೆದೇ ಇತ್ತು. ಟೋಪಿಯ ದಾರ ಎಳೆದು ಬಾಯಿ ಬಿಗಿ ಮಾಡಿದ್ದೆ. ಜಾಸ್ತಿ ನೆನೆದಿದ್ದು ಸೊಂಟದ ಹತ್ತಿರ, ಸ್ವಲ್ಪ ಕಾಲಿನ ಕಡೆ.

ಗಾಳಿಗುಡ್ಡ
ಸೊಂಟದ ಹತ್ತಿರ ಬಟ್ಟೆ ಮೈಗೆ ಹತ್ತಿರ ಇರುತ್ತೆ, ಮೈಯ ಬಿಸಿಗೆ ಆವಿ ಅಲ್ಲೇ ಕೂರುತ್ತೆ. ನಾನು ಹೇಳಿದ್ದು ಅದನ್ನೇ.

ಹಗ್ಗಗಂಟು
ಒಂದು ಬದಿ ಪೂರ್ತಿ ತೆರೆದಿದೆ ಅಂತಿದ್ದಾರೆ ಸರ್. ಅಷ್ಟು ಗಾಳಿ ಆಡುವಾಗ ಉಸಿರಿನ ಹನಿ ಲೋಟ ತುಂಬೋದಿಲ್ಲ. ನನ್ನ ಅನುಮಾನ ಟೋಪಿ ಮೇಲೆ. 210 ಉದ್ದದ ಬಟ್ಟೆಗೆ ಟೋಪಿ ಬರೋದು ನಟ್ಟನಡುವೆ, ಅದರ ಕೆಳಗೆ ಬರೋದು ಇವರ ಸೊಂಟ. ಹಾಕಿಕೊಂಡಾಗ ಟೋಪಿ ತಲೆ ಮೇಲೆ ನೆಟ್ಟಗಿರುತ್ತೆ, ನೀರು ಜಾರಿ ಹೋಗುತ್ತೆ. ಕಟ್ಟಿದಾಗ ಅದು ಚೀಲವಾಗಿ ಬಿದ್ದಿರುತ್ತೆ, ಮೇಲಿಂದ ಹರಿದು ಬಂದ ನೀರು ಕುತ್ತಿಗೆಯ ಹೊಲಿಗೆ ಮೇಲೆ ನಿಲ್ಲುತ್ತೆ. ಸೂಜಿ ಹೋದಲ್ಲೆಲ್ಲ ತೂತು ಇದ್ದೇ ಇರುತ್ತೆ ಅಲ್ವಾ.

ಮನೆಯಲ್ಲೇ ನೋಡಬಹುದು. ಟೆರೇಸ್‌ನಲ್ಲಿ ಪೊಂಚೊದ ನಾಲ್ಕು ಮೂಲೆ ಕಟ್ಟಿ, ನಡುವೆ ತೊಟ್ಟಿಲಿನಂತೆ ಇಳಿಬೀಳಲಿ. ಟೋಪಿಯ ಬುಡ ಮುಳುಗುವಷ್ಟು ನೀರು ಸುರಿಯಿರಿ. ಕೆಳಗೆ ನ್ಯೂಸ್‌ಪೇಪರ್ ಹಾಸಿ. ಬಿಸಿಲಿಲ್ಲದ ಹೊತ್ತಲ್ಲಿ ಮಾಡಿ, ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ.

ಹ್ಯಾಮಕ್_ಮರ
ಇದಕ್ಕೆಲ್ಲ ಸಿಕ್ಕಿಹಾಕಿಕೊಳ್ಳೋದೇ ಬೇಡ ಅಂತ ನಾನು ಹ್ಯಾಮಕ್‌ಗೆ (ಮರಗಳ ನಡುವೆ ಕಟ್ಟೋ ತೂಗುಹಾಸಿಗೆ) ಬಂದೆ. ಮೇಲೆ ಸೂರಿಗೆ 3 x 3 ಮೀಟರ್ ಪಾಲಿಯೆಸ್ಟರ್ ಟಾರ್ಪ್, ಸೊಳ್ಳೆಪರದೆ, ಕೆಳಗಡೆ ಚಳಿಗೆ ಒಂದು ಕ್ವಿಲ್ಟ್. ಪಾಲಿಯೆಸ್ಟರ್ ನೆನೆದರೂ ನೈಲಾನ್‌ನಷ್ಟು ಜೋಲುವುದಿಲ್ಲ, ರಾತ್ರಿ ಎದ್ದು ಹಗ್ಗ ಬಿಗಿ ಮಾಡೋ ಕೆಲಸ ಇಲ್ಲ. ಕೆಳಗೆ ಇಂಬಳ (ಜಿಗಣೆ) ಹರಿದಾಡಿದರೂ ಮೈಗೆ ಹತ್ತುವುದು ಕಮ್ಮಿ. ಫೋಟೋ ಬೇಕಿದ್ದರೆ ಹಾಕುತ್ತೇನೆ.

ಕೊಪ್ಪೆ_ಗೊರಬು
ಹಾಕಿ ಹಾಕಿ. ಇಂಬಳ ಹಗ್ಗದ ಮೇಲೆ ಬರಲ್ವಾ?

ಹ್ಯಾಮಕ್_ಮರ
ಹಗ್ಗಕ್ಕೆ ಸುಣ್ಣ, ಹೊಗೆಸೊಪ್ಪಿನ ನೀರು ಸವರುತ್ತೇನೆ.

ಹಸಿಬೂಟು
ಟೆರೇಸ್‌ನಲ್ಲಿ ನೀರು ನಿಲ್ಲಿಸಿ ನೋಡಿದೆ. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಟೋಪಿಯ ಬುಡದ ಹೊಲಿಗೆ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಹನಿ ಸಾಲಾಗಿ ಮೂಡಿದ್ದವು. ಒಂದು ಹನಿ ದಪ್ಪ ಆಗಿ ಪಕ್ಕದ್ದನ್ನು ಸೇರಿಕೊಂಡು ಬೀಳುತ್ತಿತ್ತು, ಅಲ್ಲೇ ಮತ್ತೊಂದು ಹುಟ್ಟುತ್ತಿತ್ತು. ಮಿಕ್ಕ ಬಟ್ಟೆ ಕೆಳಗಡೆ ಪೂರ್ತಿ ಒಣಗಿದೆ. ಹಿಂಭಾಗದ ಹೊಲಿಗೆಗೆ ಒಳಗಿಂದ ಟೇಪ್ ಹಾಕಿದ್ದಾರೆ, ಕುತ್ತಿಗೆಯ ಮುಂಭಾಗದ ತಿರುವಿನಲ್ಲಿ ಟೇಪೇ ಇಲ್ಲ. ಇಷ್ಟು ದುಡ್ಡು ತಗೊಂಡು ಗೇಣುದ್ದ ಟೇಪ್ ಉಳಿಸಿದ್ದಾರೆ. ನಿಜಕ್ಕೂ ಸಿಟ್ಟು ಬರುತ್ತೆ.

ಗಾಳಿಗುಡ್ಡ
ನಲ್ಲಿ ನೀರು ನಿಲ್ಲಿಸಿದರೆ ಯಾವ ಹೊಲಿಗೆಯಾದರೂ ಬಿಡುತ್ತೆ. ಮಳೆ ಹಾಗೆ ನಿಲ್ಲುವುದಿಲ್ಲ. ಅಂಚು ಎತ್ತಿ ಕಟ್ಟಿ ಒಮ್ಮೆ ನೋಡಿ ಅಂತ ಈಗಲೂ ಹೇಳುತ್ತೇನೆ.

ಹಗ್ಗಗಂಟು
ಟೋಪಿಯ ಚೀಲದಲ್ಲಿ ನಿಲ್ಲುತ್ತದೆ ಸರ್, ಮಾತು ಇರೋದೇ ಅಲ್ಲಿ.

ಹಸಿಬೂಟು, ಆ ಹೊಲಿಗೆ ಮುಚ್ಚೋಕೆ ಸಿಲಿಕೋನ್ ಅಂಟು ತರುವ ಮೊದಲು ಒಂದು ಕೆಲಸ. ಬಟ್ಟೆಯ ಒಳಗೂ ಹೊರಗೂ ಒಂದೊಂದು ತುಂಡು ಸೆಲ್ಲೋಟೇಪ್ ಒತ್ತಿ ನೋಡಿ. ಸಿಲಿಕೋನ್ ಹಾಕಿದ ಬಟ್ಟೆಗೆ ಟೇಪ್ ನಿಲ್ಲುವುದಿಲ್ಲ. ಅದಕ್ಕೆ ಸಿಲಿಕೋನ್ ಅಂಟೇ ಆಗಬೇಕು. ಪಿಯು (ಪಾಲಿಯುರೆಥೇನ್) ಕೋಟಿಂಗ್ ಆದರೆ ಪಿಯು ಅಂಟು. ಅದಲುಬದಲಾದರೆ ಸಿಪ್ಪೆ ಎದ್ದು ಬರುತ್ತೆ.

ಕಟ್ಟುವಾಗ ಟೋಪಿಯ ದಾರ ಎಳೆದರೆ ಸಾಲದು. ಬಾಯಿಯನ್ನು ತಿರುಚಿ, ಮಡಚಿ, ದಾರ ಸುತ್ತಿ. ಆ ದಾರವನ್ನೇ ಮೇಲಿನ ಕೊಂಬೆಗೆ ಎಳೆದು ಕಟ್ಟಿ. ನಡುಭಾಗ ಮೇಲೆದ್ದು ನಿಂತರೆ ನೀರು ನಿಲ್ಲೋಕೆ ಜಾಗ ಇರಲ್ಲ. ಎದೆಮಟ್ಟ ಬೇಡ. 145 ಅಗಲವನ್ನು 90 ಸೆಂ.ಮೀ. ಎತ್ತರಕ್ಕೆ ಕಟ್ಟಿದರೆ ನೆಲದಲ್ಲಿ ಸಿಗೋದು 114 ಸೆಂ.ಮೀ. ಅಷ್ಟೇ, 60ಕ್ಕೆ ಇಳಿಸಿದರೆ 132. ಕಾಲು ನೆನೆದಿದ್ದು ಹಗ್ಗದ ಮೇಲೆ ಹರಿದು ಬಂದ ನೀರಿಂದಲೂ ಇರಬಹುದು. ಬಟ್ಟೆಗೆ ಸ್ವಲ್ಪ ಮುಂಚೆ, ಹಗ್ಗಕ್ಕೆ ಒಂದು ತುಂಡು ಹತ್ತಿ ದಾರ ಕಟ್ಟಿ ಇಳಿಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತೆ.

ಹಸಿಬೂಟು
ಟೇಪ್ ಹೊರಗಡೆ ನಿಲ್ಲಲ್ಲ, ಸುಮ್ನೆ ಉದುರುತ್ತೆ. ಒಳಗಡೆ ಗಟ್ಟಿಯಾಗಿ ಅಂಟುತ್ತೆ. ಹಾಗಾದ್ರೆ ಎರಡೂ ಕಡೆ ಬೇರೆ ಬೇರೆ ಕೋಟಿಂಗಾ? ಮಳೆಗಾಲದಲ್ಲಿ ಹಚ್ಚಿದರೆ ಒಣಗುತ್ತಾ?

ಹಗ್ಗಗಂಟು
ಹೌದು, ಹೊರಗೆ ಸಿಲಿಕೋನ್, ಒಳಗೆ ಪಿಯು. ಹೊರಗಿನಿಂದ ಹಚ್ಚಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೂರ್ತಿ ಸಿಲಿಕೋನ್ ಸೀಲೆಂಟ್ ಅಂತ ಕೇಳಿ, ಅಕ್ರಿಲಿಕ್ ಬೇಡ. ಸ್ವಲ್ಪ ಮಿನರಲ್ ಟರ್ಪಂಟೈನ್ ಸೇರಿಸಿ ತೆಳ್ಳಗೆ ಮಾಡಿ ಬ್ರಷ್‌ನಲ್ಲಿ ಹೊಲಿಗೆಗೆ ತಿಕ್ಕಿ. ಬಟ್ಟೆ ಮಾತ್ರ ಒಣಗಿರಬೇಕು. ಗಾಳಿಯ ತೇವಕ್ಕೆ ಹೆದರಬೇಡಿ, ಸಿಲಿಕೋನ್ ಗಟ್ಟಿಯಾಗೋದೇ ಆ ತೇವದಿಂದ. ಮಾರನೇ ದಿನ ಮತ್ತೆ ನೀರು ನಿಲ್ಲಿಸಿ ನೋಡಿ ಇಲ್ಲಿ ಹಾಕಿ.